ರಿಪೇರಿ ಮುಗಿದ ಎಚ್‌ಟಿ-2 ತರಬೇತಿ ವಿಮಾನ: ಗೇಟಿನ ಕಂಬದ ಮೇಲಾ, ಹತ್ತಿ ಗೋದಾಮಿನ ಒಳಗಾ?

ಹಳೇ_ಫಿಟ್ಟರ್ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಬರೆದದ್ದು ಸ್ವಲ್ಪ ಉದ್ದ ಆಗಿದೆ, ಆದರೂ ಪೂರ್ತಿ ಓದಿ ನಿಮ್ಮ ಅಭಿಪ್ರಾಯ ಹೇಳಿ.

ನಮ್ಮೂರಿನ ಒಂದು ಕಾಲೇಜಿನ ಶೆಡ್ಡಿನಲ್ಲಿ ಎಚ್‌ಎಎಲ್‌ನವರ ಎಚ್‌ಟಿ-2 ವಿಮಾನ ಬಹಳ ವರ್ಷದಿಂದ ಮೂಲೆ ಸೇರಿತ್ತು. ಮೊದಲು ವಾಯುಪಡೆಯಲ್ಲಿತ್ತು, ಆಮೇಲೆ ಫ್ಲೈಯಿಂಗ್ ಕ್ಲಬ್ಬಿಗೆ ಹೋಯಿತು, ಕೊನೆಗೆ ಹುಡುಗರ ಪಾಠಕ್ಕೆ ಅಂತ ಇಲ್ಲಿಗೆ ಬಂತು. ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ (ವಿಮಾನದ ಮೈಕಟ್ಟು) ಕೆಲಸ ಮಾಡಿದವನು. ರಿಟೈರ್ ಆದ ಮೇಲೆ ನಾನು, ಇಬ್ಬರು ಮಾಜಿ ಸೈನಿಕರು, ಹರಿಹರದ ಹಳೇ ಫ್ಯಾಕ್ಟರಿ ಕೆಲಸಗಾರರು, ಕಾಲೇಜಿನ ಹುಡುಗ ಹುಡುಗಿಯರು ಎಲ್ಲ ಸೇರಿ ಅದನ್ನು ಸರಿ ಮಾಡಿದೆವು. ಶುರು ಮಾಡಿದಾಗ ಸೀಟಿನ ಕೆಳಗೆ ಇಲಿಗಳು ತುಂಬಿಟ್ಟಿದ್ದ ಮೆಕ್ಕೆಜೋಳ ಸಿಕ್ಕಿತ್ತು. ಇಲಿ ಉಚ್ಚೆ ಬಿದ್ದ ಕಡೆ ಅಲ್ಯೂಮಿನಿಯಂ ತಗಡು ಬಿಳಿ ಪುಡಿಯಾಗಿ ಉದುರುತ್ತಿತ್ತು, ಬೆರಳು ಒತ್ತಿದರೆ ತೂತು ಬೀಳುತ್ತಿತ್ತು. ಕೆಟ್ಟ ತಗಡು ತೆಗೆದು, ಹೊಸದು ಕೂರಿಸಿ, ರಿವೆಟ್ ಹೊಡೆದು ಈಗ ನೋಡುವ ಹಾಗೆ ಮಾಡಿದ್ದೇವೆ. ಹಾರಿಸುವ ಉದ್ದೇಶ ಇಲ್ಲ. ಮ್ಯೂಸಿಯಂನಲ್ಲಿ ಇಡೋದಕ್ಕೆ ಅಷ್ಟೇ.

ಈಗ ಆಡಳಿತ ಮಂಡಳಿಯವರು ಗೇಟಿನ ಹತ್ತಿರ ಕಾಂಕ್ರೀಟ್ ಕಂಬ ಕಟ್ಟಿ, ಅದರ ಮೇಲೆ ಮೂತಿ ಎತ್ತಿ, ಸ್ವಲ್ಪ ಓರೆ ಮಾಡಿ, ಬಣ್ಣದ ಲೈಟ್ ಹಾಕಿ ನಿಲ್ಲಿಸೋಣ ಅಂತಾರೆ. ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣಬೇಕು ಅನ್ನೋದು ಅವರ ಆಸೆ. ಅದೇ ಕಾಂಪೌಂಡಿನ ಹಿಂದೆ ಹಳೇ ಹತ್ತಿ ಗೋದಾಮು ಇದೆ. ದಪ್ಪ ಗೋಡೆ, ಮಂಗಳೂರು ಹೆಂಚು. ಬಾಗಿಲು ಅಗಲ ಮಾಡಿದರೆ ವಿಮಾನ ಒಳಗೆ ಹೋಗುತ್ತೆ, ಸುತ್ತ ಚಿಕ್ಕ ಮ್ಯೂಸಿಯಂ ಮಾಡಬಹುದು. ನನ್ನ ಮನಸ್ಸು ಗೋದಾಮಿನ ಕಡೆಗೇ ಇದೆ. ಮುಂದಿನ ಸಭೆಯಲ್ಲಿ ಮಾತಾಡಬೇಕು. ಬಿಸಿಲಲ್ಲಿಟ್ಟರೆ ಏನಾಗುತ್ತೆ, ಒಳಗಿಟ್ಟರೂ ಏನೇನು ನೋಡ್ಕೋಬೇಕು, ಗೊತ್ತಿರುವವರು ಹೇಳಿ.

ಮಂಡಕ್ಕಿ_ಮಿರ್ಚಿ
ಗೇಟಿಗೇ ಇಡಿ ಸಾರ್. ಗೋದಾಮಿನೊಳಗೆ ಇಟ್ಟರೆ ಯಾರು ಹೋಗಿ ನೋಡ್ತಾರೆ? ನಮ್ಮೂರಿಗೆ ಬೆಣ್ಣೆ ದೋಸೆ ಬಿಟ್ಟು ತೋರಿಸೋಕೆ ಇನ್ನೊಂದು ಬೇಕು.

ಹೊಳಲ್ಕೆರೆ_ಹುಡುಗ
ಇದೇ ಅಲ್ವಾ ಸರ್ ಜಾಸ್ತಿ ಅಪಘಾತ ಆಗಿ 2009ರಲ್ಲಿ ವಾಯುಪಡೆ ನಿಲ್ಲಿಸಿದ್ದು?

ಬೀದರ್_ನೆನಪು
ಅಲ್ಲ ತಮ್ಮ. 2009ರಲ್ಲಿ ನಿಂತದ್ದು ಎಚ್‌ಪಿಟಿ-32 ದೀಪಕ್. ಹೆಸರು ಹತ್ತಿರ ಇದೆ ಅಂತ ಎಲ್ಲರೂ ಕಲಸಿಬಿಡ್ತಾರೆ. ದೀಪಕ್ ಮೊದಲು ಹಾರಿದ್ದು 1977ರಲ್ಲಿ. ಅದರಲ್ಲಿ ಕಲಿಯುವವನು, ಕಲಿಸುವವನು ಅಕ್ಕಪಕ್ಕ ಕೂರ್ತಾರೆ, ಚಕ್ರ ಮೂತಿಯ ಕೆಳಗಿದೆ. ಎಚ್‌ಟಿ-2 ಅದಕ್ಕಿಂತ ಒಂದು ತಲೆಮಾರು ಹಿಂದಿನದು. ಒಬ್ಬರ ಹಿಂದೆ ಒಬ್ಬರು ಕೂರ್ತಾರೆ, ಚಿಕ್ಕ ಚಕ್ರ ಬಾಲದಲ್ಲಿದೆ.

ನಾನು ಬೀದರ್‌ನಲ್ಲಿ ಗ್ರೌಂಡ್ ಡ್ಯೂಟಿಯಲ್ಲಿದ್ದಾಗ ಇವು ಸಾಲಾಗಿ ನಿಂತಿರುತ್ತಿದ್ದವು. ಬಾಲದ ಚಕ್ರದ ವಿಮಾನ ಅಂದ್ರೆ ನೆಲದ ಮೇಲೆ ಓಡುವಾಗ ಮೂತಿ ಮೇಲೆದ್ದಿರುತ್ತೆ, ಮುಂದೆ ಏನೂ ಕಾಣಲ್ಲ. ಹುಡುಗರು ಹಾವಿನ ಹಾಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಪಕ್ಕದಿಂದ ಇಣುಕಿ ನೋಡಿಕೊಂಡು ಹೋಗಬೇಕಿತ್ತು. ಇಳಿಯುವಾಗ ಕಾಲಿನ ಪೆಡಲ್ ಸ್ವಲ್ಪ ಹೆಚ್ಚುಕಮ್ಮಿ ಆದರೆ ಗಿರ್ರನೆ ತಿರುಗಿಬಿಡುತ್ತಿತ್ತು. ಇದರಲ್ಲಿ ಕೈ ಕುದುರಿದವನಿಗೆ ಮುಂದೆ ಯಾವುದಾದರೂ ಸಲೀಸು ಅಂತ ಹಳಬರು ಹೇಳುತ್ತಿದ್ದರು. ಅದು ನಿಜ.

ಹಳೇ ಫಿಟ್ಟರ್ ಅಣ್ಣ, ದಯವಿಟ್ಟು ಅದನ್ನು ಕಂಬಕ್ಕೆ ಏರಿಸಬೇಡಿ.

ಪಿಜೆ_ಬಡಾವಣೆ
ಇದು ಭಾರತದ ಮೊಟ್ಟಮೊದಲ ವಿಮಾನ ಅಂತ ಬೋರ್ಡ್ ಬರೆಸಿ. ಆಗ ಜನ ಗೋದಾಮಿಗೂ ಬರ್ತಾರೆ.

ಕೋಟೆ_ಕಾವಲು (ಚಿತ್ರದುರ್ಗ)
ಹಾಗೆ ಬರೆಸಬೇಡಿ, ಅದು ಸರಿಯಲ್ಲ. ಎಚ್‌ಎಎಲ್ ಶುರುವಾದದ್ದು 1940ರಲ್ಲಿ, ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ. ಮರುವರ್ಷವೇ ಅಮೆರಿಕದ ಹಾರ್ಲೋ ತರಬೇತಿ ವಿಮಾನವನ್ನು ಬೆಂಗಳೂರಲ್ಲಿ ಜೋಡಿಸಿ ಹಾರಿಸಿದರು. ಆಮೇಲೆ ಗ್ಲೈಡರ್ ಕೂಡ ಆಯಿತು. ನಮ್ಮವರೇ ವಿನ್ಯಾಸ ಮಾಡಿ, ಎಂಜಿನ್ ಹಾಕಿ, ಸಾಲಾಗಿ ಕಟ್ಟಿ ವಾಯುಪಡೆಗೆ ಕೊಟ್ಟ ಮೊದಲ ವಿಮಾನ ಎಚ್‌ಟಿ-2. ಹಾರಿದ್ದು 1951ರ ಆಗಸ್ಟ್‌ನಲ್ಲಿ. ಟೈಗರ್ ಮಾತ್ ಅನ್ನೋ ಬಟ್ಟೆ ಹೊದಿಸಿದ ಬ್ರಿಟಿಷ್ ವಿಮಾನದ ಜಾಗಕ್ಕೆ ಬಂತು. ವಿನ್ಯಾಸ ಡಾ. ವಿ. ಎಂ. ಘಾಟಗೆ ಅವರದ್ದು. ಜರ್ಮನಿಯ ಗಟಿಂಗನ್‌ನಲ್ಲಿ ಗಾಳಿಯ ಚಲನೆಯ ದೊಡ್ಡ ವಿಜ್ಞಾನಿ ಪ್ರಾಂಟ್ಲ್ ಅವರ ಕೈಕೆಳಗೆ ಓದಿ ಬಂದವರು. 12 ವಿಮಾನಗಳನ್ನು ಘಾನಾ ದೇಶದ ವಾಯುಪಡೆಯೂ ಕೊಂಡಿತು. ಇದಿಷ್ಟೇ ಬರೆಸಿದರೂ ಬೋರ್ಡ್ ತುಂಬುತ್ತೆ, ಸುಳ್ಳು ಸೇರಿಸೋ ಅಗತ್ಯವೇ ಇಲ್ಲ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)
ಕಂಬದ ವಿಷಯ ಹೇಳ್ತೀನಿ. ನಮ್ಮ ಕಡೆ ಆಷಾಢದ ಗಾಳಿ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಗುಡ್ಡದ ತುಂಬ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಈ ವಿಮಾನದ ಖಾಲಿ ತೂಕ 700 ಕೆಜಿ ಆಸುಪಾಸು. ರೆಕ್ಕೆ ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ 11 ಮೀಟರ್. ಕಡಿಮೆ ವೇಗದಲ್ಲೇ ಗಾಳಿ ಹಿಡಿದು ಏಳಲಿ ಅಂತಲೇ ಮಾಡಿದ ರೆಕ್ಕೆ ಅದು. ಮೂತಿ ಎತ್ತಿ ಕಂಬಕ್ಕೆ ಕಟ್ಟಿದರೆ ಎದುರು ಗಾಳಿ ಬಂದಾಗಲೆಲ್ಲ ಅದು ಏಳೋಕೆ ನೋಡುತ್ತೆ. ಆ ಎಳೆತ ಪೂರ್ತಿ ಬೀಳೋದು ಕಂಬಕ್ಕೆ ಕಚ್ಚಿರುವ ನಾಲ್ಕು ಬೋಲ್ಟಿನ ಮೇಲೆ. ವರ್ಷಗಟ್ಟಲೆ ಅಲುಗಾಡಿ ಅಲುಗಾಡಿ ಬಿರುಕು ಬಿಟ್ಟರೆ? ಕೆಳಗೆ ಗೇಟು, ಓಡಾಡೋ ಮಕ್ಕಳು.

ಹರಿಹರ_ಲೇತ್
ಇನ್ನೂ ಒಂದು ಮಾತು ಸೇರಿಸ್ತೀನಿ. ಕಂಬಕ್ಕೆ ಕೂರಿಸಬೇಕು ಅಂದ್ರೆ ಹೊಟ್ಟೆಯ ಕೆಳಗೆ ಸ್ಟೀಲ್ ಪ್ಲೇಟ್ ಹಾಕಬೇಕು, ರೆಕ್ಕೆಯ ಭಾರ ಹೊರೋ ಮುಖ್ಯ ತೊಲೆ, ಅಂದ್ರೆ ಸ್ಪಾರ್, ಅದರ ಹತ್ತಿರವೇ ಡ್ರಿಲ್ ಹೊಡೆಯಬೇಕು. ಆ ತೂತು ಆಮೇಲೆ ಮುಚ್ಚೋಕಾಗಲ್ಲ. ಸ್ಟೀಲೂ ಅಲ್ಯೂಮಿನಿಯಮ್ಮೂ ತಾಗಿಕೊಂಡಿದ್ದು, ನಡುವೆ ಮಳೆ ನೀರು ಹೋದರೆ ಅಲ್ಲಿ ಬ್ಯಾಟರಿ ಥರ ಕರೆಂಟ್ ಹುಟ್ಟಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತೆ. ಸ್ಟೀಲ್ ಚೆನ್ನಾಗೇ ಇರುತ್ತೆ, ವಿಮಾನ ಸಾಯುತ್ತೆ.

ನಾನು ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮಾಡಿ ಜೀವನ ಸವೆಸಿದವನು. ಈ ವಿಮಾನದ ಬಾಲದ ಚಕ್ರದ ಬುಶ್ ಕಡೆದು ಕೊಟ್ಟಿದ್ದೀನಿ. ಹಿತ್ತಾಳೆ ಬುಶ್, ಒಳಗಿನ ಎಣ್ಣೆ ಕಾಲುವೆ ಹಳೇದು ಹೇಗಿತ್ತೋ ಹಾಗೇ ಕೈಯಲ್ಲಿ ಕೆತ್ತಿದ್ದು. ಕಂಬದ ಮೇಲೆ 12 ಅಡಿ ಎತ್ತರದಲ್ಲಿ ಅದನ್ನು ಯಾರು ನೋಡ್ತಾರೆ ಹೇಳಿ.

ಮಂಡಕ್ಕಿ_ಮಿರ್ಚಿ
ಹಾಗಾದ್ರೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಮಾರುತ್ ಜೆಟ್ ಹೊರಗೇ ನಿಂತಿದೆಯಲ್ಲ? ಕಾರವಾರದಲ್ಲಿ ಐಎನ್‌ಎಸ್ ಚಪಲ್ ಹಡಗೇ ಸಮುದ್ರದ ದಡದಲ್ಲಿದೆ, ಪಕ್ಕಕ್ಕೆ ಈಗ ನೌಕಾಪಡೆಯ ಟುಪೊಲೆವ್ ವಿಮಾನವನ್ನೂ ತಂದಿದ್ದಾರೆ. ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ?

ಹಳೇ_ಫಿಟ್ಟರ್ (ದಾವಣಗೆರೆ)
ಒಳ್ಳೆ ಪ್ರಶ್ನೆ. ಆ ಟುಪೊಲೆವ್ ಅರಕ್ಕೋಣಂನಿಂದ ಬಿಡಿ ಭಾಗವಾಗಿ ಬಂದದ್ದು. ಅಂಥ ದೊಡ್ಡ ವಿಮಾನಕ್ಕೆ ಮಾಡು ಕಟ್ಟೋದು ಸುಲಭ ಅಲ್ಲ, ಹಾಗಾಗಿ ಹೊರಗಿದೆ. ಹೊರಗಿಟ್ಟದ್ದಕ್ಕೆ ತೊಳೆಯೋದು, ಬಣ್ಣ ಹಚ್ಚೋದು ಮುಗಿಯೋದೇ ಇಲ್ಲ. ಅದನ್ನು ಮಾಡೋಕೆ ಸಂಬಳದ ಜನ, ಖರ್ಚಿಗೆ ಹಣ ಇರಬೇಕು. ನಮ್ಮ ಕಾಲೇಜಿನಲ್ಲಿ ವಾರ್ಷಿಕೋತ್ಸವ ಹತ್ತಿರ ಬಂದಾಗ ಮಾತ್ರ ನೆನಪಾಗುತ್ತೆ, ಆಗ ಒಂದು ಕೋಟ್ ಎನಾಮಲ್ ಹೊಡೆಸ್ತಾರೆ. ಒಳಗೆ ಏನು ತಿಂದು ಹೋಗಿದೆ ಅಂತ ಯಾರೂ ನೋಡಲ್ಲ. ನಮ್ಮ ವಿಮಾನ ಏಳೂವರೆ ಮೀಟರ್ ಉದ್ದ. ಮಾಡು ಕೊಡೋಕೆ ಆಗುವಂಥದ್ದು. ಆಗುತ್ತೆ ಅಂದಮೇಲೆ ಯಾಕೆ ಕೊಡಬಾರದು?

ಓರೆ ಮಾಡಿ ನಿಲ್ಲಿಸೋದರಲ್ಲಿ ಇನ್ನೊಂದು ತೊಂದರೆ ಇದೆ. ವಿಮಾನ ನೆಲದ ಮೇಲೆ ನಿಂತಾಗ ನೀರು ಎಲ್ಲಿ ಇಳಿಯುತ್ತೋ ಅಲ್ಲಿ ಚಿಕ್ಕ ತೂತುಗಳಿರುತ್ತವೆ, ಬಸಿದು ಹೋಗಲಿ ಅಂತ. ಓರೆ ಮಾಡಿದರೆ ನೀರು ಬೇರೆ ಮೂಲೆಗೆ ಹೋಗಿ ರೆಕ್ಕೆಯೊಳಗೇ ನಿಲ್ಲುತ್ತೆ. ಅದರ ಮೇಲೆ ಧೂಳು, ಹಕ್ಕಿ ಗೂಡಿನ ಹುಲ್ಲು. ಒಳಗೆ ಯಾವಾಗಲೂ ಒದ್ದೆ.

ಚಳ್ಳಕೆರೆ_ಬಯಲು
ದಾವಣಗೆರೆಯಲ್ಲೇ ಯಾಕೆ ಇಡಬೇಕು? ಚಿತ್ರದುರ್ಗಕ್ಕೆ ಕೊಡಿ. ಕೋಟೆ ನೋಡೋಕೆ ಹೇಗೂ ದೇಶದ ಜನ ಬರ್ತಾರೆ. ನಮ್ಮ ಚಳ್ಳಕೆರೆ ಹತ್ತಿರ ಇಸ್ರೋ ರನ್‌ವೇ ಇದೆ. ವಿಮಾನಕ್ಕೆ ಸಂಬಂಧ ಇರೋ ಜಿಲ್ಲೆ ಅಂದ್ರೆ ನಮ್ಮದೇ.

ಪಿಜೆ_ಬಡಾವಣೆ
1997ಕ್ಕೆ ಮೊದಲು ಎರಡೂ ಒಂದೇ ಜಿಲ್ಲೆ ಅಲ್ವಾ, ಈಗ ವಿಮಾನಕ್ಕೆ ಜಗಳ ಯಾಕೆ ಬಿಡಿ. ಕೆಲಸ ಮಾಡಿದವರು ಇಲ್ಲಿದ್ದಾರೆ, ನೋಡ್ಕೊಳ್ಳೋರೂ ಇಲ್ಲೇ ಇದ್ದಾರೆ. ವಿಮಾನ ಅವರ ಕಣ್ಣೆದುರಿಗೇ ಇರಲಿ.

ಕೋಟೆ_ಕಾವಲು (ಚಿತ್ರದುರ್ಗ)
ರನ್‌ವೇ ಇಸ್ರೋದ್ದಲ್ಲ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ್ದು. ಏರೋನಾಟಿಕಲ್ ಟೆಸ್ಟ್ ರೇಂಜ್ ಅಂತ. ಪೈಲಟ್ ಇಲ್ಲದ ರುಸ್ತುಂ-2 2016ರಲ್ಲಿ ಅಲ್ಲೇ ಮೊದಲು ಹಾರಿದ್ದು. ಇಸ್ರೋದವರು 2023ರ ಏಪ್ರಿಲ್ 2ರಂದು ರೆಕ್ಕೆ ಇರುವ ಮರುಬಳಕೆ ರಾಕೆಟ್ಟಿನ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರ್‌ನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು, ಅದು ತಾನಾಗಿಯೇ ಬಂದು ಅಲ್ಲಿ ಇಳಿಯಿತು.

ಹಾಗಂತ ನಿಮ್ಮ ಮಾತನ್ನು ತಳ್ಳಿಹಾಕೋದಿಲ್ಲ. 1951ರಲ್ಲಿ ಬೆಂಗಳೂರಲ್ಲಿ ಹಾರಿದ ಎಚ್‌ಟಿ-2ರಿಂದ ಹಿಡಿದು ಚಳ್ಳಕೆರೆ ಬಯಲಲ್ಲಿ ಇಳಿದದ್ದರವರೆಗೆ ಮ್ಯೂಸಿಯಂ ಗೋಡೆಯ ಮೇಲೆ ಒಂದು ಸಾಲು ಚಿತ್ರ ಹಾಕಬಹುದು. ನಮ್ಮ ಎರಡೂ ಜಿಲ್ಲೆಯ ಶಾಲೆ ಮಕ್ಕಳಿಗೆ ಇದು ಹತ್ತಿರದ ವಿಷಯ.

ಹೊಳಲ್ಕೆರೆ_ಹುಡುಗ
ಶಿವಮೊಗ್ಗಕ್ಕೆ 2023ರಲ್ಲಿ ಏರ್‌ಪೋರ್ಟ್ ಆಯ್ತು. ದಾವಣಗೆರೆಗೆ ಯಾವಾಗ? ಇಲ್ಲಿ ಏರ್‌ಪೋರ್ಟ್ ಆದ್ರೆ ಅಲ್ಲೇ ಒಳಗಡೆ ಇಡಬಹುದಿತ್ತು.

ಮಂಡಕ್ಕಿ_ಮಿರ್ಚಿ
ಅದಕ್ಕೆ ಬೇರೆ ಚರ್ಚೆ ತೆರೆಯಪ್ಪ, ಇಲ್ಲಿ ಬೇಡ.

ಕಂಬ ಬೇಡ ಅಂತಾದ್ರೆ ಕುಂದವಾಡ ಕೆರೆ ಪಕ್ಕ ಗ್ಲಾಸ್ ಹೌಸ್ ಇದೆಯಲ್ಲ, ಅಲ್ಲಿ ನೆಲದ ಮೇಲೆ ಶೆಡ್ ಹಾಕಿ ಇಡಬಹುದಾ? ಸಂಜೆ ಸಂಸಾರ ಸಮೇತ ಜನ ಬರ್ತಾರೆ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)
ಕೆರೆ ಪಕ್ಕ ತೇವ ಜಾಸ್ತಿ. ಬೆಳಗಿನ ಇಬ್ಬನಿ ತಗಡಿನ ಮೇಲೆ ಕೂರುತ್ತೆ. ನಮ್ಮ ಒಣ ಹವೆ ಈ ವಿಮಾನಕ್ಕೆ ಸಿಕ್ಕ ಪುಣ್ಯ, ಅದನ್ನು ಯಾಕೆ ಕಳ್ಕೋಬೇಕು?

ಬಾತಿ_ಗುಡ್ಡ
ತಗಡು ಹೊಳೆಯೋ ಹಾಗೆ ಮಾಡೋಕೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ. ದೇವಸ್ಥಾನದ ಹಿತ್ತಾಳೆ ಸಾಮಾನಿಗೆ ನಾವು ಅದನ್ನೇ ಹಾಕೋದು. ಗಟ್ಟಿ ಕೊಳೆ ಇದ್ದರೆ ಸ್ಟೀಲ್ ನಾರು.

ಹಳೇ_ಫಿಟ್ಟರ್ (ದಾವಣಗೆರೆ)
ಯಜಮಾನ್ರೇ, ಹಿತ್ತಾಳೆಗೆ ಸರಿ, ಇದಕ್ಕೆ ಎರಡೂ ಬೇಡ. ಈ ತಗಡು ಪೂರಾ ಒಂದೇ ಲೋಹ ಅಲ್ಲ. ಒಳಗಿರೋದು ತಾಮ್ರ ಬೆರೆಸಿದ ಗಟ್ಟಿ ಅಲ್ಯೂಮಿನಿಯಂ, ಬಲ ಜಾಸ್ತಿ, ಆದರೆ ಬೇಗ ಕೊರೆದು ಹೋಗುತ್ತೆ. ಅದಕ್ಕೇ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಹೊದಿಸಿರುತ್ತಾರೆ. ಕಾಪಾಡೋದು ಆ ಪದರ. ಹುಣಸೆ ಹುಳಿ, ಉಪ್ಪು ಅದನ್ನು ತಿನ್ನುತ್ತೆ. ಸ್ಟೀಲ್ ನಾರು ತಿಕ್ಕಿದರೆ ಪದರ ಸವೆಯೋದಲ್ಲದೆ ಕಬ್ಬಿಣದ ಚೂರು ತಗಡಿನಲ್ಲಿ ಕಚ್ಚಿಕೊಂಡು ಉಳಿಯುತ್ತೆ, ಆಮೇಲೆ ಅಲ್ಲಲ್ಲೇ ಗುಳಿ ಬೀಳುತ್ತೆ. ಹಳೇ ಬಣ್ಣ ತೆಗೆಯೋಕೆ ಕಾಸ್ಟಿಕ್ ಸೋಡಾ ತರ್ತೀನಿ ಅಂದ ಪೇಂಟರ್ ಒಬ್ಬರನ್ನು ನಾವು ಬಾಗಿಲಲ್ಲೇ ತಡೆದೆವು. ಕಾಸ್ಟಿಕ್ ಸೋಡಾ ಬಿದ್ದರೆ ಅಲ್ಯೂಮಿನಿಯಂ ಬುರುಗು ಬಂದು ಕರಗೇ ಹೋಗುತ್ತೆ.

ಮೆತ್ತನೆ ಸೋಪು, ಬಕೆಟ್ ನೀರು, ಹತ್ತಿ ಬಟ್ಟೆ. ಕಾರ್ ತೊಳೆಯೋ ಪ್ರೆಶರ್ ಪೈಪ್ ಹಿಡಿಯಬಾರದು, ನೀರು ರಿವೆಟ್ ಸಂದಿಯೊಳಗೆ ನುಗ್ಗುತ್ತೆ.

ಫಿಸಿಕ್ಸ್_ಮೇಡಂ
ಸರ್, ಕಾಕ್‌ಪಿಟ್‌ನಲ್ಲಿ ಹಳೇ ಮೀಟರ್‌ಗಳು ಹಾಗೇ ಇವೆಯಾ? ಅಂಕಿಗಳ ಮೇಲೆ ದಪ್ಪ, ಹಳದಿ ಮಿಶ್ರಿತ ಕಂದು ಬಣ್ಣ ಇದೆಯಾ?

ಹಳೇ_ಫಿಟ್ಟರ್ (ದಾವಣಗೆರೆ)
ಕೆಲವು ಇವೆ ಮೇಡಂ. ಆದರೆ ಕತ್ತಲಲ್ಲಿ ಹೊಳೆಯಲ್ಲ, ನೋಡಿದ್ದೇವೆ.

ಫಿಸಿಕ್ಸ್_ಮೇಡಂ
ಹೊಳೆಯಲ್ಲ ಅಂತ ಧೈರ್ಯ ಮಾಡಬೇಡಿ. ಆ ಕಾಲದ ಬಣ್ಣದಲ್ಲಿ ರೇಡಿಯಂ ಬೆರೆಸುತ್ತಿದ್ದರು. ಹೊಳೆಯೋದು ಅದರ ಜೊತೆಗಿದ್ದ ಸತುವಿನ ಸಲ್ಫೈಡ್. ಅದು ಕೆಲವು ದಶಕದಲ್ಲಿ ಸುಸ್ತಾಗುತ್ತೆ. ರೇಡಿಯಂ ಅರ್ಧ ಕಮ್ಮಿಯಾಗೋಕೇ 1,600 ವರ್ಷ ಬೇಕು. ಅಂದರೆ ಬೆಳಕು ಹೋಗಿದೆ, ವಿಕಿರಣ ಹಾಗೇ ಇದೆ.

ಗಾಬರಿ ಪಡಬೇಕಾಗಿಲ್ಲ. ಗಾಜು ಗಟ್ಟಿಯಾಗಿದ್ದರೆ ದೂರದಿಂದ ನೋಡುವವರಿಗೆ ತೊಂದರೆ ಇಲ್ಲ. ಅಪಾಯ ಇರೋದು ಬಿಚ್ಚಿ ಕೆರೆದಾಗ. ಆ ಪುಡಿ ಉಸಿರಿನ ಜೊತೆ, ಊಟದ ಜೊತೆ ಒಳಗೆ ಹೋದರೆ ಮೂಳೆಯಲ್ಲಿ ಕೂರುತ್ತೆ. ಆದ್ದರಿಂದ ಹುಡುಗರ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟರ್ ಬಿಚ್ಚಿಸಬೇಡಿ, ಯಾವುದಾದರೂ ಫಿಸಿಕ್ಸ್ ಲ್ಯಾಬಿನಿಂದ ವಿಕಿರಣ ಅಳೆಯೋ ಗೈಗರ್ ಕೌಂಟರ್ ತಂದು ಒಂದೊಂದನ್ನೂ ಅಳೆಯಿರಿ, ಗಾಜು ಒಡೆದದ್ದು ಇದ್ದರೆ ಮುಟ್ಟದೆ ಪಕ್ಕಕ್ಕೆ ಇಟ್ಟು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯವರನ್ನು ಕೇಳಿ. ಕಿಟಕಿ ಇಲ್ಲದ ಬೀರುವಿನಲ್ಲಿ ಒಟ್ಟು ಗುಡ್ಡೆ ಹಾಕಬೇಡಿ, ರೇಡಾನ್ ಅನಿಲ ಕೂಡಿಕೊಳ್ಳುತ್ತೆ. ಬೇಕಿದ್ದರೆ ನಾನೇ ಬಂದು ಅಳೆದು ಕೊಡ್ತೀನಿ.

ಬಾತಿ_ಗುಡ್ಡ
ಅಯ್ಯೋ ದೇವರೇ. ಇದು ಗೊತ್ತೇ ಇರಲಿಲ್ಲ. ಮಕ್ಕಳನ್ನು ಸೀಟಲ್ಲಿ ಕೂರಿಸಿ ಫೋಟೊ ತೆಗೆಸೋದು ಬೇಡವೇ ಬೇಡ ಹಾಗಾದ್ರೆ.

ಮಂಡಕ್ಕಿ_ಮಿರ್ಚಿ
ಮುಟ್ಟಬೇಡಿ, ಹತ್ತಬೇಡಿ ಅಂತ ಹಗ್ಗ ಕಟ್ಟಿದ್ರೆ ಮಕ್ಕಳಿಗೆ ಏನು ಸಿಗುತ್ತೆ? ನಾನು ಚಿಕ್ಕವನಿದ್ದಾಗ ಬೆಂಗಳೂರಿನ ಏರ್ ಶೋದಲ್ಲಿ ಸೂರ್ಯಕಿರಣ ತಂಡ ನೋಡಿದ್ದೆ. ಕೆಂಪು ಬಿಳಿ ಕಿರಣ್ ವಿಮಾನಗಳು, ರೆಕ್ಕೆಗೆ ರೆಕ್ಕೆ ತಾಗೋ ಹಾಗೆ. ಆವತ್ತಿಂದ ಪೈಲಟ್ ಆಗಬೇಕು ಅನ್ನೋ ಆಸೆ ಇತ್ತು. ಒಂದು ಸಲ ಒಳಗೆ ಕೂತಿದ್ರೆ ಹೇಗಿರ್ತಿತ್ತು ಅಂತ ಈಗಲೂ ಅನಿಸುತ್ತೆ. ಅದನ್ನು ಈಗಿನ ಮಕ್ಕಳಿಂದ ಕಿತ್ಕೋಬೇಡಿ.

ಹರಿಹರ_ಲೇತ್
ಈ ಮಾತಲ್ಲಿ ನ್ಯಾಯ ಇದೆ. ಹೀಗೆ ಮಾಡಬಹುದು. ಕಾಕ್‌ಪಿಟ್ ಅಳತೆ ತಗೊಂಡು ಪ್ಲೈವುಡ್ಡಿನಲ್ಲಿ ಇನ್ನೊಂದು ಮಾಡೋಣ. ಸ್ಟಿಕ್, ಪೆಡಲ್, ಎರಡು ಸೀಟು, ಹಿಂದೊಂದು ಮುಂದೊಂದು. ಸ್ಟಿಕ್ ಎಳೆದರೆ ಪಕ್ಕದಲ್ಲಿಟ್ಟ ಚಿಕ್ಕ ಬಾಲದ ಪಟ್ಟಿ ಮೇಲೆ ಏಳಬೇಕು, ಪೆಡಲ್ ಒತ್ತಿದರೆ ಬಾಲದ ನಿಂತ ಪಟ್ಟಿ, ಅಂದ್ರೆ ರಡ್ಡರ್, ತಿರುಗಬೇಕು. ತಂತಿ, ರಾಟೆ ಹಾಕಿದರೆ ಸಾಕು, ನಿಜವಾದ ವಿಮಾನದಲ್ಲೂ ಅಷ್ಟೇ ಇರೋದು. ಮಕ್ಕಳು ಎಷ್ಟು ಬೇಕಾದರೂ ಎಳೆದಾಡಲಿ. ಮುರಿದರೆ ನಾನು ಸರಿ ಮಾಡಿಕೊಡ್ತೀನಿ.

ಮಂಡಕ್ಕಿ_ಮಿರ್ಚಿ
ಇದು ಆಗುತ್ತೆ ಅಂದ್ರೆ ನಾನೂ ಗೋದಾಮಿನ ಪಕ್ಷ. ಪ್ಲೈವುಡ್ ಖರ್ಚಿನಲ್ಲಿ ನಂದೂ ಪಾಲು ಇರಲಿ.

ಚಳ್ಳಕೆರೆ_ಬಯಲು
ಎಂಜಿನ್ ಸ್ಟಾರ್ಟ್ ಆಗುತ್ತಾ? ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಒಂದೊಂದು ಸಲ ಓಡಿಸಿ ತೋರಿಸಿದ್ರೆ ಎಂಜಿನ್ನಿಗೂ ಒಳ್ಳೇದು, ಜನಕ್ಕೂ ಖುಷಿ. ಸುಮ್ನೆ ನಿಲ್ಲಿಸಿದ ಬೈಕ್ ಹಾಳಾಗಲ್ವಾ?

ಬೀದರ್_ನೆನಪು
ಬೈಕಿನ ಲೆಕ್ಕ ಇಲ್ಲಿ ಬರಲ್ಲ. ಸಿರಸ್ ಮೇಜರ್ ಎಂಜಿನ್ ಅದು, 155 ಅಶ್ವಶಕ್ತಿ, ನಾಲ್ಕು ಸಿಲಿಂಡರ್ ಸಾಲಾಗಿ, ಅದೂ ತಲೆಕೆಳಗಾಗಿ ಕೂತಿರುತ್ತೆ. ನಿಲ್ಲಿಸಿ ಬಿಟ್ಟರೆ ಎಣ್ಣೆ ಮೆಲ್ಲಗೆ ಸಿಲಿಂಡರ್ ತಲೆಗೆ ಇಳಿದು ತುಂಬಿಕೊಳ್ಳುತ್ತೆ. ಎಣ್ಣೆ ಗಾಳಿಯ ಹಾಗೆ ಕುಗ್ಗಲ್ಲ. ಆಗ ಪ್ರೊಪೆಲ್ಲರ್ ಜೋರಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ವರ್ಷಕ್ಕೆ ಎರಡು ಸಲ ಹತ್ತು ನಿಮಿಷ ಓಡಿಸೋದು ಓಡಿಸದೆ ಇರೋದಕ್ಕಿಂತ ಕೆಟ್ಟದ್ದು. ಪೂರ್ತಿ ಬಿಸಿಯಾಗಲ್ಲ, ಸುಟ್ಟ ಪೆಟ್ರೋಲಿನ ತೇವ, ಆಮ್ಲ ಎಲ್ಲ ಒಳಗೇ ಉಳಿದು ತುಕ್ಕು ಹಿಡಿಸುತ್ತೆ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಇಟ್ಟುಕೊಂಡು ಹಳೇ ಮರದ ತೊಲೆಯ ಗೋದಾಮಿನಲ್ಲಿ ಜನ ಸೇರಿಸೋದನ್ನಂತೂ ಯೋಚನೆ ಕೂಡ ಮಾಡಬೇಡಿ.

ಮತ್ತೆ ಮ್ಯಾಗ್ನೆಟೊ. ಅದಕ್ಕೆ ಬ್ಯಾಟರಿ ಬೇಡ, ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತೆ. ಸ್ವಿಚ್ ಆಫ್ ಇದ್ದರೂ ಭೂಮಿಗೆ ಹೋಗುವ ವೈರ್ ಎಲ್ಲಾದರೂ ತುಂಡಾಗಿದ್ದರೆ ಕಿಡಿ ಬರುತ್ತೆ. ಸಿಲಿಂಡರಿನಲ್ಲಿ ಸ್ವಲ್ಪ ಪೆಟ್ರೋಲ್ ಹಬೆ ಉಳಿದಿದ್ದರೂ ಪ್ರೊಪೆಲ್ಲರ್ ಒಮ್ಮೆ ಹೊಡೆಯುತ್ತೆ, ಕೈ ಹೋಗೋಕೆ ಅಷ್ಟು ಸಾಕು. ನೋಡಲು ಬಂದವರು ಮೊದಲು ಕೈ ಹಾಕೋದೇ ಪ್ರೊಪೆಲ್ಲರಿಗೆ. ಸ್ಪಾರ್ಕ್ ಪ್ಲಗ್ ತೆಗೆದುಬಿಡಿ.

ಹಳೇ_ಫಿಟ್ಟರ್ (ದಾವಣಗೆರೆ)
ಪ್ಲಗ್ ತೆಗೆದಿದ್ದೇವೆ, ಟ್ಯಾಂಕ್ ಖಾಲಿ ಮಾಡಿ ಗಾಳಿ ಹಾಯಿಸಿದ್ದೇವೆ. ಸಿಲಿಂಡರಿಗೆ ತುಕ್ಕು ತಡೆಯೋ ಎಣ್ಣೆ ಸಿಂಪಡಿಸಿ, ಪ್ಲಗ್ ಜಾಗಕ್ಕೆ ಸಿಲಿಕಾ ಜೆಲ್ ತುಂಬಿದ ಪಾರದರ್ಶಕ ಪ್ಲಗ್ ಹಾಕಿದ್ದೇವೆ. ನೀಲಿ ಇದ್ದರೆ ಒಣಗಿದೆ ಅಂತ ಅರ್ಥ, ತೇವ ಹೀರಿದರೆ ಗುಲಾಬಿ ಆಗುತ್ತೆ. ಬಿಸಿ ಮಾಡಿದರೆ ಮತ್ತೆ ನೀಲಿಗೆ ಬರುತ್ತೆ. ಆ ನೀಲಿ ಬಣ್ಣ ಕೋಬಾಲ್ಟ್, ವಿಷ. ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬಾರದು ಅಂತ ಹುಡುಗರಿಗೆ ಹೇಳಿದ್ದೀನಿ.

ಪಿಜೆ_ಬಡಾವಣೆ
ಗೋದಾಮು ಗೋದಾಮು ಅಂತೀರಲ್ಲ, ಅಲ್ಲಿ ಇಲಿ ಬರಲ್ವಾ? ಗೆದ್ದಲು? ಪಕ್ಕದಲ್ಲಿ ಅಕ್ಕಿ ಗಿರಣಿ, ಆ ಕಡೆ ಮಂಡಕ್ಕಿ ಭಟ್ಟಿ ಹೊಗೆ. ಒಳಗಿಟ್ಟ ಮಾತ್ರಕ್ಕೆ ಉಳಿಯುತ್ತೆ ಅಂತ ಏನಿಲ್ಲ. ಈ ವಿಮಾನ ಹಾಳಾದದ್ದು ಕೂಡ ಶೆಡ್ಡಿನ ಒಳಗೇ ಅಲ್ವಾ?

ಕೋಟೆ_ಕಾವಲು (ಚಿತ್ರದುರ್ಗ)
ಇಡೀ ಚರ್ಚೆಯಲ್ಲಿ ಮುಖ್ಯವಾದ ಪ್ರಶ್ನೆ ಇದು. ನಾನು ಮ್ಯೂಸಿಯಂ ಕೆಲಸದಲ್ಲಿದ್ದವಳು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಕೋಟೆಯ ಕಲ್ಲು ನೂರಾರು ವರ್ಷ ಬಿಸಿಲು ಮಳೆಗೆ ನಿಂತಿದೆ ಅಂತ ವಿಮಾನವೂ ನಿಲ್ಲುತ್ತೆ ಅನ್ನೋಕಾಗಲ್ಲ. ಹಾಗೆಯೇ ಮಾಡು ಇದ್ದ ಮಾತ್ರಕ್ಕೂ ನಿಲ್ಲಲ್ಲ. ನೋಡೋ ಕಣ್ಣು ಬೇಕು. ಒಬ್ಬರ ಹೆಸರಿಗೆ ಜವಾಬ್ದಾರಿ ಬರೆದು, ಒಂದು ದಪ್ಪ ರಿಜಿಸ್ಟರ್ ಇಡಿ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಸುತ್ತು ಹಾಕಿ ಕಂಡದ್ದನ್ನು ತಾರೀಖಿನ ಸಮೇತ ಬರೀಬೇಕು: ಇಲಿ ಹಿಕ್ಕೆ, ಹೊಸ ಬಿಳಿ ಪುಡಿ, ಎಣ್ಣೆ ತೊಟ್ಟು, ಜೇಡರ ಬಲೆ. ಪ್ರತಿ ಸಲ ಅದೇ ಜಾಗದಿಂದ ಫೋಟೊ. ಬಿಳಿ ಪುಡಿ ಕಂಡ ದಿನವೇ ಹಿಡಿದರೆ ಒಂದು ಬಟ್ಟೆ, ಒಂದು ಡಬ್ಬಿ ವ್ಯಾಕ್ಸ್‌ನಲ್ಲಿ ಮುಗಿಯುತ್ತೆ. ಬಿಟ್ಟರೆ ಮತ್ತೆ ತಗಡು ಕತ್ತರಿಸಬೇಕು.

ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ, ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ. ಮ್ಯೂಸಿಯಂ ಒಳಗೆ ಊಟ ತಿಂಡಿ ಪೂರ್ತಿ ಬಂದ್. ಹೆಂಚಿನಿಂದ ಧೂಳು ಉದುರದ ಹಾಗೆ ಕೆಳಗೆ ಹತ್ತಿ ಬಟ್ಟೆಯ ಚಪ್ಪರ ಕಟ್ಟಿ. ಪ್ಲಾಸ್ಟಿಕ್ ಶೀಟ್ ಹೊದಿಸಬೇಡಿ, ಒಳಗೆ ಬೆವರುತ್ತೆ. ತೇವ ಅಳೆಯೋ ಮೀಟರ್ ಒಂದನ್ನು ರೆಕ್ಕೆಯ ಹತ್ತಿರ ನೇತುಹಾಕಿ, ಶೇಕಡಾ 50ರ ಆಸುಪಾಸಿನಲ್ಲಿದ್ದರೆ ಒಳ್ಳೇದು, ದಿನದಿನಕ್ಕೆ ಏರಿಳಿತ ಕಮ್ಮಿ ಇದ್ದರೆ ಇನ್ನೂ ಒಳ್ಳೇದು. ಕಾಕ್‌ಪಿಟ್ ಮೇಲಿನ ಗಾಜಿನಂಥ ಮುಚ್ಚಳ ಗಾಜಲ್ಲ, ಪರ್ಸ್ಪೆಕ್ಸ್ ಅನ್ನೋ ಪಾರದರ್ಶಕ ಪ್ಲಾಸ್ಟಿಕ್. ಕಿಟಕಿ ಒರೆಸೋ ಅಮೋನಿಯಾ ದ್ರವ ಹಾಕಿದರೆ ಜೇಡನ ಬಲೆಯ ಹಾಗೆ ಸೀಳು ಬಿಡುತ್ತೆ. ಬರೀ ನೀರು ಸಾಕು. ದಕ್ಷಿಣದ ಕಿಟಕಿಯ ಬಿಸಿಲು ಅದರ ಮೇಲೆ ನೇರ ಬೀಳಬಾರದು.

ಬೆಂಕಿ ಆರಿಸೋ ಸಿಲಿಂಡರ್ ತರುವಾಗ ಎಚ್ಚರ. ಅಂಗಡಿಯವರು ಒಣ ಪುಡಿ ತುಂಬಿದ್ದನ್ನೇ ಕೊಡ್ತಾರೆ. ಆ ಪುಡಿ ತೇವ ಹೀರಿಕೊಂಡು ಅಲ್ಯೂಮಿನಿಯಂ ತಿನ್ನುತ್ತೆ. ಬೆಂಕಿಯಿಂದ ಉಳಿದದ್ದು ಪುಡಿಯಿಂದ ಹೋಗಬಾರದು. ವಿಮಾನದ ಹತ್ತಿರ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಡಿ, ಮರದ ತೊಲೆಗೆ ನೀರಿನ ವ್ಯವಸ್ಥೆ ಬೇರೆ ಇರಲಿ.

ಟೈರ್ ಮೇಲೆ ಭಾರ ಬಿಡಬೇಡಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಟೈರ್ ನೆಲಕ್ಕೆ ತಾಗಿಯೂ ತಾಗದ ಹಾಗೆ ಇರಲಿ.

ಹರಿಹರ_ಲೇತ್
ಸ್ಟ್ಯಾಂಡ್ ನಾನು ಮಾಡ್ತೀನಿ ತಾಯಿ. ಸ್ಟೀಲ್ ತಾಗೋ ಕಡೆ ದಪ್ಪ ನೈಲಾನ್ ತುಂಡು ಹಾಕ್ತೀನಿ.

ಹೊಳಲ್ಕೆರೆ_ಹುಡುಗ
ಕಣಜದ ಗೂಡು ಕೂಡ ನೋಡ್ಕೊಳ್ಳಿ ಸರ್. ಗಾಳಿಯ ವೇಗ ಅಳೆಯೋ ಪಿಟೊ ಕೊಳವೆಯಲ್ಲಿ ಮಣ್ಣು ತುಂಬಿಬಿಡುತ್ತೆ. 1996ರಲ್ಲಿ ಬಿರ್ಗೆನ್‌ಏರ್ ವಿಮಾನ ಡೊಮಿನಿಕನ್ ರಿಪಬ್ಲಿಕ್ ಹತ್ತಿರ ಸಮುದ್ರಕ್ಕೆ ಬಿದ್ದು 189 ಜನ ಸತ್ತರಲ್ಲ, ಕೊಳವೆಯೊಳಗೆ ಕಣಜ ಗೂಡು ಕಟ್ಟಿತ್ತು ಅನ್ನೋದೇ ತನಿಖೆಯವರ ಅನುಮಾನ. ನಮ್ಮದು ಹಾರಲ್ಲ, ನಿಜ. ಆದರೂ ಆ ಕೊಳವೆ ಮಣ್ಣು ತುಂಬಿ ಕಟ್ಟಿಕೊಳ್ಳಬಾರದು ಅಲ್ವಾ.

ಬೀದರ್_ನೆನಪು
ಕೆಂಪು ಬಟ್ಟೆಯ ಕವರ್ ಹಾಕಿ, ಉದ್ದ ಪಟ್ಟಿ ಬಿಟ್ಟು. ನಾವು ಹಾಗೇ ಮಾಡುತ್ತಿದ್ದದ್ದು. ನೋಡುವವರಿಗೆ ಅದೂ ಒಂದು ಪಾಠ.

ಬಣ್ಣ ಯಾವುದು ಹಾಕ್ತೀರಿ? ವಾಯುಪಡೆಯದ್ದೋ, ಕ್ಲಬ್ಬಿನದ್ದೋ?

ಹಳೇ_ಫಿಟ್ಟರ್ (ದಾವಣಗೆರೆ)
ಅಲ್ಲೇ ನಮ್ಮಲ್ಲಿ ಒಮ್ಮತ ಇಲ್ಲ. ಮೇಲೆ ಕ್ಲಬ್ಬಿನ ಬಿಳಿ, ಕೆಂಪು ಪಟ್ಟಿ ಇತ್ತು. ಒಂದು ಕಡೆ ನೀರು ಹಚ್ಚಿ ಉಜ್ಜೋ ಮರಳು ಕಾಗದ ಹಿಡಿದು ನಿಧಾನಕ್ಕೆ ಉಜ್ಜಿದಾಗ ಬಿಳಿಯ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಬೆಳ್ಳಿ ಬಣ್ಣ, ಬೆಳ್ಳಿಯ ಮೇಲೆ ಕಪ್ಪು ಅಂಕಿಯ ಒಂದು ಅಂಚು ಕಂಡಿತು. ಹುಡುಗಿಯೊಬ್ಬಳು ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಪೆನ್ಸಿಲಿನಲ್ಲಿ ಎಳೆದುಕೊಂಡಳು. ನನಗೆ ಬೆಳ್ಳಿ ಬಣ್ಣವೇ ಬೇಕು. ಕೆಲವರು ಕೊನೆಯ ಬಣ್ಣವೂ ಇತಿಹಾಸವೇ ಅಂತಾರೆ.

ಕೋಟೆ_ಕಾವಲು (ಚಿತ್ರದುರ್ಗ)
ಅವರ ಮಾತನ್ನೂ ಇಟ್ಟುಕೊಳ್ಳಿ. ಪೂರ್ತಿ ಬೆಳ್ಳಿ ಮಾಡಿ, ಆದರೆ ಬಾಲದ ಹತ್ತಿರ ಒಂದು ಅಡಿ ಚೌಕಕ್ಕೆ ಹೊಸ ಬಣ್ಣ ಹಚ್ಚದೆ ಬಿಡಿ. ಅಲ್ಲಿ ಪದರ ಪದರವಾಗಿ ಉಜ್ಜಿ ಎಲ್ಲ ಬಣ್ಣವೂ ಕಾಣಲಿ, ಮೇಲೆ ತೆಳು ವ್ಯಾಕ್ಸ್. ನೀವು ಹೊಸದಾಗಿ ಹಾಕಿದ ತಗಡುಗಳ ಒಳಮೈಗೆ ತಾರೀಖು ಕೆತ್ತಿ, ನಕ್ಷೆಯಲ್ಲಿ ಗುರುತು ಮಾಡಿ. 30 ವರ್ಷ ಆದ ಮೇಲೆ ಬರುವವರಿಗೆ ಯಾವುದು ಎಚ್‌ಎಎಲ್ ಹೊಡೆದ ರಿವೆಟ್, ಯಾವುದು ದಾವಣಗೆರೆಯವರು ಹೊಡೆದದ್ದು ಅಂತ ಗೊತ್ತಾಗಬೇಕು. ತೆಗೆದ ಹಳೇ ತಗಡನ್ನು ಗುಜರಿಗೆ ಹಾಕಬೇಡಿ.

ಬಾತಿ_ಗುಡ್ಡ
ಹಣ ಎಲ್ಲಿಂದ? ಕಂಬ ಕಟ್ಟೋಕೆ ದಾನಿಗಳು ಸಿಗ್ತಾರೆ, ಅವರ ಹೆಸರು ಕಲ್ಲಿನ ಮೇಲೆ ಬರುತ್ತೆ. ಇಲಿ ಜಾಲರಿಗೆ ಯಾರು ಕೊಡ್ತಾರೆ?

ಹಳೇ_ಫಿಟ್ಟರ್ (ದಾವಣಗೆರೆ)
ಅದನ್ನೇ ಸಭೆಯಲ್ಲಿ ಹೇಳಿದೆ. ಹೌದು, ಸಭೆ ಆಯಿತು. ನಿಮ್ಮೆಲ್ಲರ ಮಾತು ಪ್ರಿಂಟ್ ತೆಗೆದು ತಗೊಂಡು ಹೋಗಿದ್ದೆ. ಕಂಬಕ್ಕೆ ತೆಗೆದಿಟ್ಟ ಹಣ ಗೋದಾಮಿನ ಬಾಗಿಲಿಗೆ ಬಳಸೋಣ ಅಂತ ಕೇಳಿದೆ. ಮೊದಲು ಒಪ್ಪಲಿಲ್ಲ. ಆಮೇಲೆ ಎಲ್ಲರನ್ನೂ ಶೆಡ್ಡಿಗೆ ಕರೆದುಕೊಂಡು ಹೋಗಿ ತೆಗೆದ ಹಳೇ ತಗಡನ್ನು ಕೈಗೆ ಕೊಟ್ಟೆ. ಅಧ್ಯಕ್ಷರು ಅದನ್ನು ಹಿಡಿದು ಬಗ್ಗಿಸಿದರು, ಬಿಸ್ಕೆಟ್ ಥರ ಮುರಿಯಿತು. ಹೊರಗಿಟ್ಟರೆ ಇಡೀ ವಿಮಾನ ಹೀಗಾಗೋಕೆ ಬಹಳ ದಿನ ಬೇಡ ಅಂದೆ. ಅವರು ಹೆಚ್ಚು ಮಾತಾಡಲಿಲ್ಲ, ಗೋದಾಮಿನ ಬಾಗಿಲ ಅಳತೆ ಎಷ್ಟು ಅಂತ ಕೇಳಿದರು.

ಗೋದಾಮು ಅಂತಲೇ ತೀರ್ಮಾನ ಆಗಿದೆ. ವರ್ಷದ ಖರ್ಚಿಗೆ ಬೇರೆ ಖಾತೆ ತೆರೆಯಬೇಕು, ಅದರ ಹಣ ಬೇರೆಯದಕ್ಕೆ ಮುಟ್ಟಬಾರದು ಅಂತ ನಡಾವಳಿಯಲ್ಲಿ ಬರೆಸಿದ್ದೇನೆ. ಗೇಟಿನ ಹತ್ತಿರ ಒಂದು ದೊಡ್ಡ ಚಿತ್ರ, ಬಾಣದ ಗುರುತು ಹಾಕ್ತಾರೆ. ಮಂಡಕ್ಕಿ ಮಿರ್ಚಿ ಅವರೇ, ರಸ್ತೆಯವರಿಗೆ ಅಷ್ಟಂತೂ ಕಾಣುತ್ತೆ.

ಮಂಡಕ್ಕಿ_ಮಿರ್ಚಿ
ಸಾಕು ಸಾರ್. ಶಾಲೆಗಳಿಗೆ ಹೇಳೋ ಕೆಲಸ ನನಗೆ ಬಿಡಿ.

ಫಿಸಿಕ್ಸ್_ಮೇಡಂ
ಮೀಟರ್ ಅಳೆಯೋದು ವಿಮಾನ ಒಳಗೆ ಹೋಗೋಕೆ ಮೊದಲೇ ಆಗಲಿ ಸರ್. ಅಲ್ಲಿವರೆಗೆ ಕಾಕ್‌ಪಿಟ್ ಮುಚ್ಚಿಡಿ.

ಹೊಳಲ್ಕೆರೆ_ಹುಡುಗ
ಪಿಟೊ ಕವರ್ ನಮ್ಮ ಅಮ್ಮ ಹೊಲಿದು ಕೊಡ್ತಾರಂತೆ. ಯಾವ ಬಟ್ಟೆ, ಎಷ್ಟು ಉದ್ದ?

ಹಳೇ_ಫಿಟ್ಟರ್ (ದಾವಣಗೆರೆ)
ದಪ್ಪ ಹತ್ತಿ ಕ್ಯಾನ್ವಾಸ್, ಕೆಂಪು. ರೆಕ್ಸಿನ್ ಬೇಡ, ಒಳಗೆ ತೇವ ನಿಲ್ಲುತ್ತೆ. ಕೊಳವೆಗೆ ಸಡಿಲವಾಗಿ ಕೂರಬೇಕು, ಕಟ್ಟೋಕೆ ಬಟ್ಟೆಯದ್ದೇ ದಾರ ಇರಲಿ, ಲೋಹದ ಬಕಲ್ ಬೇಡ. ನೇತಾಡೋ ಪಟ್ಟಿ ಒಂದು ಮೊಳ ಬಿಟ್ಟರೆ ಸಾಕು. ಅಮ್ಮನಿಗೆ ನಮಸ್ಕಾರ ಹೇಳಪ್ಪ, ಕೊಳವೆಯ ಅಳತೆ ನಾಳೆ ಕಳಿಸ್ತೀನಿ.